ಮೇಲಿನ ಹಣ್ಣು

ಲಿಂಬೆಹಣ್ಣು ಕೊಳ್ಳುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಬುಟ್ಟಿಯ ಮೇಲಿನ ಹಣ್ಣನ್ನು ನಂಬಬೇಡಿ. ತೆಳು ಸಿಪ್ಪೆಯ, ಎಳೆಬಿಸಿಲಿನ ಬಣ್ಣದ ಆ ಚೆಲುವೆಲ್ಲ ನಿಮ್ಮ ಕಣ್ಣಿಗೆಂದೇ ಜೋಡಿಸಿದ್ದು. ಕೈಯನ್ನು ಸೀದಾ ತಳಕ್ಕಿಳಿಸಿ ಒಂದನ್ನು ಎತ್ತಿ, ಮೂಗಿಗೆ ಹಿಡಿದು, ಆಮೇಲೆ ದರ ಕೇಳಿ. ನಮ್ಮ ಇಂಡಿ ಊರಿನ ಬಜಾರದಲ್ಲಿ ಒಂದು ಬುಟ್ಟಿ, ಒಂದು ನಾಲಗೆ ಇಷ್ಟರಿಂದಲೇ ಬದುಕು ಕಟ್ಟಿಕೊಂಡವನು ನಾನು, ಈ ಮಾತಿಗೆ ತೂಕವಿದೆ ಅಂದುಕೊಳ್ಳಿ.

ಆದರೆ ಈ ಸಲಹೆಯೇ ಬೇಕಿಲ್ಲದ ಬುಟ್ಟಿಯೊಂದು ನನ್ನ ಪಕ್ಕದಲ್ಲೇ ಇತ್ತು. ಅದು ಸಮುವೇಲ ಕಾಕಾ ಅವರದು. ಬೆಳಗ್ಗೆ ಹಣ್ಣು ಸುರುವಿಕೊಂಡು, ಚುಕ್ಕೆ ಬಿದ್ದದ್ದು, ಮೆತ್ತಗಾದದ್ದು ಯಾವುದೋ ಅದನ್ನೇ ಆರಿಸಿ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದರು. ಆಮೇಲೆ ತಲೆಯ ಟವೆಲ್ಲು ತೆಗೆದು, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ರವಿವಾರ ಎಂಥ ಗಿರಾಕಿ ಕರೆದರೂ ಬುಟ್ಟಿ ಹೊರಬೀಳದು. ಅಂದು ಬಿಳಿ ಅಂಗಿ ತೊಟ್ಟು ಪ್ರಾರ್ಥನೆಗೆ. ಇಷ್ಟು ಬಿಟ್ಟರೆ ತಮ್ಮ ಯೇಸುಸ್ವಾಮಿಯ ಬಗ್ಗೆ ನಮಗೆ ಒಂದು ಮಾತನ್ನೂ ಹೇಳಿದವರಲ್ಲ.

"ಕಾಕಾ, ಹಿಂಗ ಚುಕ್ಕಿ ಹಣ್ಣಿನ ಮೆರವಣಿಗಿ ತೆಗೆದ್ರ ಗಿರಾಕಿ ನನ್ನ ಕಡೆ ಓಡಿ ಬರ್ತಾರ ನೋಡ್ರಿ," ಎಂದು ಕಿಚಾಯಿಸುತ್ತಿದ್ದೆ.

"ಬರ್ಲಿ ಬಿಡೋ ಸಿದ್ದಾ. ಎರಡನೇ ಸಲ ನನ್ನ ಕಡೆನ ಬರ್ತಾರ."

ಬರುತ್ತಿದ್ದರು, ಅದೇ ನನ್ನ ಹೊಟ್ಟೆಯುರಿ. ಅವರಿಗೆ ದರ ಒಂದೇ, ಮಾತೂ ಒಂದೇ. ಆಗುತ್ತದೆ ಎಂದರೆ ಆಯಿತು, ಆಗುವುದಿಲ್ಲ ಎಂದರೆ ಮುಗಿಯಿತು. ವಿಚಿತ್ರವೆಂದರೆ, ಅವರು ಕಣ್ಣು ಮುಚ್ಚುವ ಗಳಿಗೆಯಲ್ಲಿ ನಮ್ಮ ಸಾಲಿನವರೆಲ್ಲ ಕೂಗುವುದನ್ನು ನಿಲ್ಲಿಸುತ್ತಿದ್ದೆವು. ಯಾರೂ ಕೇಳಿಕೊಂಡದ್ದಲ್ಲ, ಯಾವಾಗ ಶುರುವಾಯಿತೋ ಅದೂ ತಿಳಿಯದು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮುದ್ದೇಬಿಹಾಳದ ಮಗಳು ಕರೆದುಕೊಂಡು ಹೋದಳು. ಅಂಗೈಯಗಲ ಜಾಗಕ್ಕೂ ಜಗಳ ಕಾಯುವ ನಮ್ಮ ಬಜಾರದಲ್ಲಿ ಅವರ ಜಾಗ ಮಾತ್ರ ಖಾಲಿ ಉಳಿಯಿತು, ಬೆಳಗಿನ ಆ ಮೌನವೂ ಹಾಗೇ ಉಳಿಯಿತು. ತಡೆಯಲಾರದೆ ಒಂದು ದಿನ ಚೀಲದಲ್ಲಿ ಹಣ್ಣು ತುಂಬಿಕೊಂಡು ಬಸ್ಸು ಹತ್ತಿದೆ. ಮಾತಿನಲ್ಲಿ ಎಂಥೆಂಥವರನ್ನೋ ಬಗ್ಗಿಸಿದವನು ನಾನು, ಕಾಕಾನನ್ನು ಒಪ್ಪಿಸಿಯೇ ಬರುತ್ತೇನೆ ಎಂಬ ಧೈರ್ಯ.

"ಕಾಕಾ, ನಿಮ್ಮ ಜಾಗಾ ಹಂಗ ಇಟ್ಟೇವಿ. ಸಂಕ್ರಾಂತಿ ಕಳದ ಮ್ಯಾಲ ಬರ್ರಿ."

"ಆಗೂದಿಲ್ಲೋ ತಮ್ಮಾ."

"ವಾರಕ್ಕೊಂದ ದಿನ? ಬುಟ್ಟಿ ನಾ ಹೊರ್ತೇನಿ, ನೀವು ಸುಮ್ನ ಕೂತ್ರ ಸಾಕು."

"ಆಗೂದಿಲ್ಲ."

"ಹೋಗ್ಲಿ, ಬರ್ತೇನಿ ಅಂತ ಬಾಯಿಮಾತಿಗರೆ ಅನ್ರಿ. ಅಷ್ಟ ಕೇಳ್ಕೊಂಡು ಊರಿಗೆ ಹೋಗ್ತೇನಿ."

ಕಾಕಾ ತಮ್ಮ ಎಡಗೈಯಿಂದ ನನ್ನ ಕೈ ಹಿಡಿದರು. "ನನ್ನ ಕೂಡನೂ ಚೌಕಾಸಿ ಮಾಡಾಕತ್ತೀಯೇನಲೇ?" ಎಂದು ನಕ್ಕರು. ಹಿಡಿದ ಕೈ ಬಿಡದೆ, "ಬರೂದಿಲ್ಲೋ ಸಿದ್ದಾ. ಬರಬೇಕಂತ ಮನಸ್ಸೈತಿ," ಎಂದರು.

ಆ ಒಂದು ಸುಳ್ಳನ್ನು ಅವರು ಆಡಿದ್ದರೆ ನನಗೆಷ್ಟು ಹಗುರಾಗುತ್ತಿತ್ತು! ತಿರುಗಿ ಬರುವಾಗ ಬಸ್ಸು ಬಾಗೇವಾಡಿ ದಾಟುವವರೆಗೂ ಸಿಟ್ಟೇ ಇತ್ತು. ಆಮೇಲೆ ನಿಧಾನವಾಗಿ ಹೊಳೆಯಿತು: ಅವರು ಮಾತನ್ನೂ ಬುಟ್ಟಿಯ ಹಾಗೆಯೇ ಜೋಡಿಸಿದ್ದರು, ಕಹಿಯನ್ನು ಮೊದಲು ಮುಂದಿಟ್ಟು, ಮನಸ್ಸನ್ನು ಅದರ ಕೆಳಗೆ.

ಮರುದಿನ ಅವರ ಹಳೆಯ ಗಿರಾಕಿ, ಶಾಲೆಯಲ್ಲಿ ಕಲಿಸುವ ಅಕ್ಕೋರು, ಖಾಲಿ ಜಾಗದ ಮುಂದೆ ನಿಂತರು. "ಸಿದ್ದಪ್ಪಾ, ಕಾಕಾ ಯಾವಾಗ ಬರ್ತಾರ?"

ಇವತ್ತಲ್ಲ ನಾಳೆ ಬರ್ತಾರ್ರಿ, ಅಲ್ಲೀತನಕಾ ನನ್ನ ಕಡೆ ಒಯ್ಯಿರಿ ಎನ್ನುವುದಕ್ಕೆ ನಾಲಗೆ ತಯಾರಿತ್ತು. ಹೊರಬಿದ್ದದ್ದು ಬೇರೆ.

"ಬರೂದಿಲ್ರಿ ಅಕ್ಕೋರ. ಬರಬೇಕಂತ ಮನಸ್ಸೈತ್ರಿ ಅವರಿಗೆ."

ಅವರು ನನ್ನ ಬುಟ್ಟಿಯ ಮುಂದೆ ಕುಳಿತರು. ಮೇಲಿನ ಚುಕ್ಕೆ ಹಣ್ಣುಗಳನ್ನು ಕಂಡು ಒಮ್ಮೆ ನನ್ನ ಮುಖ ನೋಡಿ, ಕೈಯನ್ನು ತಳಕ್ಕಿಳಿಸಿದರು. ಚಲೋ ಹಣ್ಣುಗಳೆಲ್ಲ ಅಲ್ಲೇ ಇದ್ದವು.