ಲೀಟರಿಗೆ ಹನ್ನೆರಡು

ನಂಜನಗೂಡಿನ ಸರ್ಕಾರಿ ಕಚೇರಿಯೊಂದರಲ್ಲಿ ಜೀಪು ಓಡಿಸುತ್ತಿದ್ದ ಮಹದೇವಯ್ಯನಿಗೆ ತನ್ನ ಗಾಡಿಯ ಹೊಟ್ಟೆ ಚೆನ್ನಾಗಿ ಗೊತ್ತಿತ್ತು. ಕಂಪನಿಯ ಪುಸ್ತಕದಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಎಂದಿತ್ತು. ಜೀಪು ಒಂಬತ್ತರ ಮೇಲೆ ಒಂದು ದಿನವೂ ಕೊಟ್ಟಿರಲಿಲ್ಲ. ಅಲ್ಲಿನ ಯಾವ ಜೀಪಿನ ಮೀಟರೂ ಓಡುತ್ತಿರಲಿಲ್ಲವಾದ್ದರಿಂದ ಉಳಿದ ಡ್ರೈವರುಗಳು ಹೋಗದ ಊರಿಗೆಲ್ಲ ಹೋದೆವೆಂದು ಲಾಗ್‌ಬುಕ್ಕಿನಲ್ಲಿ ಬರೆದು ಹನ್ನೆರಡನ್ನು ಸರಿದೂಗಿಸುತ್ತಿದ್ದರು. ಮಹದೇವಯ್ಯ ಮಾತ್ರ ಓಡಿದಷ್ಟನ್ನೇ ಬರೆಯುತ್ತಿದ್ದ.

ತೊಂಬತ್ತಾರರಲ್ಲಿ ಪ್ರೇಮ್‌ಕುಮಾರ್ ಎಂಬ ಹೊಸ ಸಾಹೇಬರು ಬಂದರು. ಬರಿದಾದ ಟ್ಯಾಂಕಿಗೆ ಹತ್ತು ಲೀಟರ್ ಹಾಕಿಸಿ, "ಇಷ್ಟರಲ್ಲಿ ನರಸೀಪುರಕ್ಕೆ ಎರಡು ಸಲ ಹೋಗಿಬರಬಹುದು" ಎಂದರು.

"ಸಾಲಲ್ಲ ಸಾ. ಇದು ಒಂಬತ್ತೇ ಕೊಡೋದು."

ಸಾಹೇಬರು ಕೇಳಲಿಲ್ಲ. ಎರಡನೇ ಸಲ ವಾಪಸು ಬರುವಾಗ, ನಂಜನಗೂಡು ಇನ್ನೂ ಹದಿನೇಳು ಹದಿನೆಂಟು ಕಿಲೋಮೀಟರ್ ಇದ್ದಂತೆ, ಜೀಪು ನಿಂತುಹೋಯಿತು. ಸುಡುಬಿಸಿಲಲ್ಲಿ ಇಳಿದ ಸಾಹೇಬರು ಕೇಳಿದ್ದು ಒಂದೇ ಮಾತು: "ಮಿಕ್ಕ ಡೀಸೆಲ್ ಎಲ್ಲಯ್ಯ ಮಾರಿದೆ?"

ಮಾತು ಕಚೇರಿಯಿಂದ ಅವನ ಕೇರಿಗೂ ಹಬ್ಬಿತು. ಹೆಂಡತಿ ಮಂಚಮ್ಮ ಮೂರನೆಯ ದಿನ ಮುದ್ದೆ ಇಕ್ಕುತ್ತಾ, "ಒಂದ್ಸಲನಾದ್ರೂ ಮಾರಿದ್ದೀಯಾ? ನಿಜ ಯೇಳು" ಎಂದಳು. ಅವನು ಉಣ್ಣದೆ ಎದ್ದ. ಸಾಹೇಬರ ಮಾತಿಗಿಂತ ಇದು ಆಳಕ್ಕೆ ನಾಟಿತ್ತು.

ಮರುದಿನ ಸಾಹೇಬರ ಬಳಿಗೆ ತಾನೇ ಹೋಗಿ, "ಅಳತೆ ಮಾಡ್ಸಿ ಸಾ. ನೀವೇ ಕುಂತ್ಕೊಳಿ" ಎಂದ. ಮೆಕ್ಯಾನಿಕ್ ಚಲುವಯ್ಯ ಟ್ಯಾಂಕಿನ ಪೈಪು ಕಳಚಿ, ಒಂದು ಲೀಟರ್ ತುಂಬಿದ ಬಾಟಲಿಯಿಂದ ಎಂಜಿನ್‌ಗೆ ಡೀಸೆಲ್ ಹೋಗುವಂತೆ ಮಾಡಿದ. ಸಾಹೇಬರು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಾ ಕೂತರು. ಒಂಬತ್ತನೆಯ ಕಲ್ಲು ದಾಟಿದ್ದೇ ಜೀಪು ನಿಂತಿತು.

"ಒಂಬತ್ತೇ ಅಂತ ಬರ್ಕೊಡಿ ಸಾ" ಎಂದ ಮಹದೇವಯ್ಯ. ಸಾಹೇಬರು ಅವನ ಮುಖ ನೋಡದೆ, "ಇದನ್ನ ಬರೆದುಕೊಟ್ಟರೆ, ಇಷ್ಟು ವರ್ಷ ಹನ್ನೆರಡು ಅಂತ ಬರೆದವರನ್ನೆಲ್ಲ ಏನು ಮಾಡಲಿ? ಅದಕ್ಕೆ ಸಹಿ ಹಾಕಿದವರನ್ನ?" ಎಂದರು.

"ನನ್ ಮೇಲೆ ಬಂದಿರೋ ಮಾತು ಸಾ?"

"ಇನ್ಮೇಲೆ ನೀನೂ ಹನ್ನೆರಡು ಬರಿ. ಯಾರೂ ಕೇಳಲ್ಲ."

ಸಂಜೆ ಮಂಚಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದ. "ಅಂಗಾದ್ರೆ ಸಾಯೇಬ್ರು ನಾಕು ಜನದ ಮುಂದೆ ಯಾಕೆ ಯೇಳ್ನಿಲ್ಲ?" ಎಂದಳು. ಅವಳಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಮುಂದಿನ ವಾರ ಮಹದೇವಯ್ಯ, ಹೋಗದ ತಗಡೂರಿಗೆ ಹೋಗಿಬಂದೆನೆಂದು ಬರೆದ. ಬರೆದದ್ದನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದ. ಆಮೇಲಾಮೇಲೆ ಒಂದೇ ಸಲಕ್ಕೆ ಬರೆಯುತ್ತಿದ್ದ. ಅಲ್ಲಿಂದಾಚೆಗೆ ಅವನನ್ನು ಯಾರೂ ಕಳ್ಳನೆನ್ನಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ನಿವೃತ್ತನಾದಾಗ, ಕಚೇರಿಯಲ್ಲಿ ಹಾರ ಹಾಕಿ, ಪ್ರಾಮಾಣಿಕ ನೌಕರನೆಂದು ಹೊಗಳಿದರು. ಮುಂದಿನ ಸಾಲಿನಲ್ಲಿ ಕೂತ ಮಂಚಮ್ಮ ಕಣ್ಣೊರೆಸಿಕೊಂಡಳು. ಮಹದೇವಯ್ಯ ತಲೆ ಎತ್ತಲಿಲ್ಲ.