ಎಕ್ಕದ ಎಲೆಯ ದ್ಯಾಮಕ್ಕ

ಮಾಗಳದಲ್ಲಿ ಇಪ್ಪತ್ತು ವರ್ಷದಿಂದ ರಥಸಪ್ತಮಿಗೆ ಎಕ್ಕದ ಎಲೆ ಕೊಯ್ದು ಕೊಡುವವಳು ಕೂಲಿಯ ದ್ಯಾಮಕ್ಕ. ತಲೆಗೊಂದು, ಹೆಗಲಿಗೆರಡು, ಮೊಣಕಾಲಿಗೆರಡು, ಪಾದಕ್ಕೆರಡು, ಆಳಿಗೆ ಏಳು ಎಲೆ ಇಟ್ಟುಕೊಂಡು ಊರು ಹೊಳೆಯಲ್ಲಿ ಮುಳುಗಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಅದಕ್ಕೇ ಅವಳು ಒಂದೊಂದು ತೊಟ್ಟನ್ನೂ ಮಣ್ಣಿಗೆ ಒತ್ತಿ, ಸೋರುವ ಹಾಲು ನಿಂತ ಮೇಲೆಯೇ ಕಟ್ಟು ಕಟ್ಟಿ ಮನೆಮನೆಗೆ ಮುಟ್ಟಿಸುತ್ತಿದ್ದಳು. "ದ್ಯಾಮಕ್ಕ ಬಂದ್ಲು, ಇನ್ನ ಹಬ್ಬ" ಅನ್ನುತ್ತಿದ್ದರು ಜನ. ವರ್ಷವಿಡೀ ಯಾರೂ ಕೇಳದ ಆ ಹೆಂಗಸಿಗೆ ಅಷ್ಟೇ ಸಾಕಿತ್ತು.

ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅವಳ ಬಲಗೈ ಬೆರಳುಗಳ ಮೇಲೆ ಬಿಳಿ ಮಚ್ಚೆ ಎದ್ದವು. ಹಡಗಲಿಯ ಡಾಕ್ಟರು ತೊನ್ನು ಯಾರಿಗೂ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿ ಕಳಿಸಿದ್ದರು. ಊರು ಕೇಳಬೇಕಲ್ಲ! ಹಬ್ಬದ ಹಿಂದಿನ ದಿನ, ಹೊಳೆದಂಡೆಯಲ್ಲಿ ಪುರಾಣ ಹೇಳುವ ಅಜ್ಜಯ್ಯ ಅವಳ ಬಾಗಿಲಿಗೆ ಬಂದ.

"ಈ ಸಲ ಎಲಿ ನೀ ಮುಟ್ಟಬ್ಯಾಡವ್ವ. ಕೆಂಚಕ್ಕ ಕೊಯ್ತಾಳ. ನಿನ್ನ ಜಳಕಾನೂ ಕೆಳಗಿನ ಮಡುವಿನಾಗ ಆಗ್ಲಿ."

"ಅಂಟಂಗಿಲ್ಲ ಅಂದಾರ್ರಿ ಡಾಕ್ಟರು."

"ಜನ ಹೇಸ್ತಾರವ್ವ."

ಮಾತಾಡುವಾಗ ಆ ಮನುಷ್ಯ ಅವಳ ಮುಖ ನೋಡಲಿಲ್ಲ, ಬೆರಳು ನೋಡಿದ.

ಸಂಜೆಗೆ ಪಕ್ಕದ ಮನೆಯ ಕೆಂಚಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಓಡಿ ಬಂದಳು. ಕೊಯ್ಯುವ ರೀತಿ ಗೊತ್ತಿಲ್ಲದೆ ಕೊಯ್ದು ಹಾಲು ಸಿಡಿಸಿಕೊಂಡಿದ್ದಳು. "ನನ್ನ ಕೈಲೆ ಆಗಂಗಿಲ್ಲಕ್ಕ. ನೀನ ಕೊಯ್ದು ಕೊಡು, ನಾ ಹಂಚ್ತೀನಿ." ದ್ಯಾಮಕ್ಕನಿಗೆ ಬೇಡವೆನ್ನಬೇಕೆನಿಸಿತು. ಊರ ಮಕ್ಕಳ ಕಣ್ಣು ನೆನಪಾಗಿ ಕುಡುಗೋಲು ತೆಗೆದುಕೊಂಡು ಎದ್ದಳು.

ಬೆಳಿಗ್ಗೆ ಕೆಳಗಿನ ಮಡುವಿನಲ್ಲಿ ಅವಳು ಒಬ್ಬಳೇ. ಮೇಲಿನಿಂದ ಅಜ್ಜಯ್ಯನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಏಳು ಕುದುರೆಯ ರಥ ಇಂದು ಉತ್ತರಕ್ಕೆ ತಿರುಗುತ್ತದೆ, ಏಳು ಎಲೆಯ ಸ್ನಾನಕ್ಕೆ ಏಳು ಜನ್ಮದ ಪಾಪ ತೊಳೆದುಹೋಗುತ್ತದೆ. ಆಮೇಲೆ ಸಾಂಬನ ಕಥೆ ಬಂತು. ಕೃಷ್ಣನ ಮಗ, ಶಾಪದಿಂದ ಕುಷ್ಠ ಹತ್ತಿ ಮೈ ಕೊಳೆಯಿತು, ನೀರಿನ ದಂಡೆಯಲ್ಲಿ ಕೂತು ಸೂರ್ಯನನ್ನು ಬೇಡಿಕೊಂಡ. "ಆ ಸೂರ್ಯಪ್ಪ ಹೇಸಿದ್ನೇನು? ಅಂಥ ಮೈಯಿಗೂ ಬಿಸಿಲು ಕೊಟ್ಟು ವಾಸಿ ಮಾಡಿದ!" ಜನ ಕೈಮುಗಿದು "ಹೌದ್ರಿ, ಹೌದ್ರಿ" ಎಂದರು.

ದ್ಯಾಮಕ್ಕ ದನಿ ಬಂದ ಕಡೆಗೆ ತಿರುಗಿ ನೋಡಿದಳು. ಥೂ, ಇದೂ ಒಂದು ಬಾಯಿ! ನಿನ್ನೆ ತನ್ನ ಬೆರಳಿಗೆ ಹೇಸಿದ ಬಾಯಿ ಇಂದು ಸಾಂಬನಿಗೆ ಮರುಗುತ್ತಿದೆ.

ಅಷ್ಟರಲ್ಲಿ ಊರು ಮಿಂದು ಬಿಟ್ಟ ಎಲೆಗಳು ತೇಲಿ ಬಂದವು. ಅರಿಶಿನ, ಅಕ್ಕಿಕಾಳು, ಬಾಯಿ ಮುಕ್ಕಳಿಸಿದ ನೊರೆ, ಎಲ್ಲ ಸೇರಿ ಅವಳ ಸೊಂಟಕ್ಕೆ ಮೆತ್ತಿಕೊಂಡವು. ಮೇಲಿನಿಂದ ಅಜ್ಜಯ್ಯ ದೊಡ್ಡ ಮನಸ್ಸು ಮಾಡಿ ಕೂಗಿದ: "ದ್ಯಾಮಕ್ಕಾ, ಅದರಾಗ ಏಳು ಎಲಿ ಹೆಕ್ಕಿ ಮುಳುಗು. ನಿನಗೂ ಒಳ್ಳೇದಾಗ್ಲಿ!"

ಅವಳು ಬಲಗೈ ಎತ್ತಿದಳು.

"ಇವನ್ನ ಕೊಯ್ದಾಕಿ ನಾನ್ರಿ, ಇದೇ ಕೈಲೆ! ಕೆಂಚಕ್ಕ ಬರೀ ಹಂಚ್ಯಾಳ. ಈಗ ನಿಮ್ಮ ಮೈ ಮುಟ್ಟ್ಯಾವ. ನನಗ ಹೇಸಿಗಿ ಬರ್ತೈತಿ!"

ಎಲೆಗಳನ್ನು ನೀರಿನೊಂದಿಗೆ ದೂರ ತಳ್ಳಿ, ದಡಕ್ಕೆ ಬಂದು, ಬಿಳಿ ಬೆರಳುಗಳನ್ನು ಬಿಸಿಲಿಗೆ ಹಿಡಿದು ಕೂತಳು. ಮೇಲೆ ಒಬ್ಬೊಬ್ಬರೇ ಗಾಬರಿಯಿಂದ ತಲೆ ಉಜ್ಜಿಕೊಳ್ಳುತ್ತ ಮತ್ತೆ ನೀರಿಗೆ ಇಳಿದರು. ಎಲ್ಲರಿಗಿಂತ ಮೊದಲು ಇಳಿದವನು ಅಜ್ಜಯ್ಯ.