ಗ್ರೇಸ್ ಆಂಟಿಗೆ ತಡವಾಗಿ ಹೇಳಿದ ಸುದ್ದಿ

2023ರ ಫೆಬ್ರವರಿ ತಿಂಗಳು. ಚೀನೀ ಹೊಸವರ್ಷದ ರಜೆ ಮುಗಿದು ಮೆಲಾಕಾದಲ್ಲಿ ಕಾಲೇಜು ಮತ್ತೆ ಶುರುವಾಗಿತ್ತು. ನಾನು ಉಡುಪಿಯವಳು. ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಾ ಹನ್ನೆರಡು ವರ್ಷ ಕಳೆದಿದ್ದೆ. ನನ್ನವರ ಕೆಲಸ ಸೈಬರ್‌ಜಯಾದಲ್ಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಹದಿನಾರು ವರ್ಷದ ಮಗಳು ಸಾನ್ವಿ. ನಡುಗೋಡೆಯ ಆಚೆ ಗ್ರೇಸ್ ಆಂಟಿ.

ಆಂಟಿಗೆ ಆಗ ಎಂಬತ್ತೊಂದು ವರ್ಷ. ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು. ಗಂಡ ಮೆಲಾಕಾದ ಪೋರ್ಚುಗೀಸ್ ಮನೆತನದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ನಾವು ಈ ಮನೆಗೆ ಬಂದ ಮೊದಲ ವಾರವೇ ಒಂದು ಡಬ್ಬಿ ಹಿಡಿದು ಬಂದು, "ನೀವು ಮೀನು ತಿನ್ನೋದಿಲ್ಲ ಅಂತ ಗೊತ್ತಾಯ್ತು. ಇದರಲ್ಲಿ ಒಣಸೀಗಡಿ ಹಾಕಿಲ್ಲ, ಧೈರ್ಯವಾಗಿ ತಿನ್ನಿ ಲಾ" ಎಂದು ಸಾಂಬಾಲ್ ಎಂಬ ಮೆಣಸಿನ ಚಟ್ನಿ ಕೊಟ್ಟಿದ್ದರು. ನಮ್ಮ ಮಾತುಕತೆ ಇಂಗ್ಲಿಷಿನಲ್ಲಿ, ನಡುನಡುವೆ ಮಲಯ್, ಮಾತಿನ ಕೊನೆಗೆ ಇಲ್ಲಿಯವರೆಲ್ಲ ಸೇರಿಸುವ ‘ಲಾ’. ಆದರೂ ಅವರ ದನಿ ನನಗೆ ನಮ್ಮ ದೊಡ್ಡಮ್ಮನ ಹಾಗೇ ಕೇಳಿಸುತ್ತಿತ್ತು.

ಕೋವಿಡ್ ಕಾಲದಲ್ಲಿ ಹೊರಗೆ ಹೋಗುವಂತಿರಲಿಲ್ಲವಲ್ಲ, ಸಂಜೆ ಗೋಡೆಯ ಎರಡೂ ಕಡೆ ಕುರ್ಚಿ ಹಾಕಿಕೊಂಡು ಹರಟುತ್ತಿದ್ದೆವು. ಒಂದು ದಿನ ಅವರು ಇದ್ದಕ್ಕಿದ್ದಂತೆ, "ವೀಣಾ, ನೀನು ಡಿಎನ್‌ಎ ಪಾಠ ಮಾಡ್ತೀಯಲ್ಲ, ನಾನು ಯಾರು ಅಂತ ಅದರಲ್ಲಿ ಗೊತ್ತಾಗುತ್ತಾ?" ಎಂದು ಕೇಳಿದರು.

ಅವರು ಬೆಳೆದದ್ದು ಪೆನಾಂಗಿನಲ್ಲಿ, ಕನ್ಯಾಸ್ತ್ರೀಯರ ಮಠಕ್ಕೆ ಸೇರಿದ ಅನಾಥಾಲಯದಲ್ಲಿ. 1941ರ ಕೊನೆಗೆ ಜಪಾನೀಯರು ಪೆನಾಂಗ್ ಮೇಲೆ ಬಾಂಬ್ ಹಾಕಿದ ದಿನಗಳಲ್ಲಿ ಯಾರೋ ಒಬ್ಬ ತಮಿಳು ಆಯಾ ಅವರನ್ನು ತಂದು ಅಲ್ಲಿ ಬಿಟ್ಟಿದ್ದಳಂತೆ. ಆಂಟಿಯ ಮದುವೆಯ ಹಿಂದಿನ ದಿನ ಮಠದ ಹಿರಿಯ ಸಿಸ್ಟರ್ ಅವರನ್ನು ಒಳಗೆ ಕರೆದು, "ನೀನು ಯಹೂದಿ ಮಗು. ನಮಗೆ ಗೊತ್ತಿರೋದು ಅಷ್ಟೇ" ಎಂದಿದ್ದರು. ಒಂದು ಕಾಲದಲ್ಲಿ ಪೆನಾಂಗಿನಲ್ಲಿ ಬಾಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿಗಳು ಇದ್ದರು. ಈಗ ಅವರ ಸ್ಮಶಾನವೊಂದೇ ಉಳಿದಿದೆ. ಮುಸ್ಲಿಮರೇ ಹೆಚ್ಚಿರುವ ಈ ದೇಶದಲ್ಲಿ ಯಹೂದಿ ಎಂಬ ಮಾತನ್ನು ಯಾರೂ ಸುಲಭವಾಗಿ ಎತ್ತುವುದಿಲ್ಲ. ಆಂಟಿಯೂ ಗಂಡನ ಹೊರತು ಮತ್ಯಾರಿಗೂ ಹೇಳಿರಲಿಲ್ಲ.

ಲಾಕ್‌ಡೌನ್ ಮುಗಿದ ಮೇಲೆ ನಾನೇ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿದೆ. ಒಂದು ಸಣ್ಣ ಕೊಳವೆಯಲ್ಲಿ ಗೆರೆಯವರೆಗೆ ಉಗುಳು ತುಂಬಿಸಬೇಕು. ಎಂಬತ್ತು ದಾಟಿದವರ ಬಾಯಿ, ಒಣಗಿ ಹೋಗಿತ್ತು. ಅರ್ಧ ಗಂಟೆಯಾದರೂ ಕೊಳವೆ ಕಾಲು ಭಾಗವೂ ತುಂಬಲಿಲ್ಲ. "ಆಂಟಿ, ಹುಣಸೆಹಣ್ಣು ನೆನೆಸಿಕೊಳ್ಳಿ" ಎಂದೆ. ಕಣ್ಣು ಮುಚ್ಚಿ ನೆನೆಸಿಕೊಂಡವರು ನಗಲು ಶುರುಮಾಡಿದರು. ಸಾನ್ವಿಯೂ ನಕ್ಕಳು. ಕೊನೆಗೆ ಹೇಗೋ ತುಂಬಿತು. ಆಂಟಿಗೆ ಇಮೇಲ್ ಇರಲಿಲ್ಲ. ನನ್ನ ಇಮೇಲನ್ನೇ ಕೊಟ್ಟೆ. ಅಲ್ಲಿಂದ ಮುಂದೆ ಆಂಟಿಗೆ ಬರುವುದೆಲ್ಲ ನನ್ನ ಮೂಲಕವೇ ಬರಬೇಕು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಫಲಿತಾಂಶ ಬಂತು. ಸಿಸ್ಟರ್ ಹೇಳಿದ್ದು ನಿಜ, ಬಾಗ್ದಾದಿನ ಕಡೆಯ ಯಹೂದಿ ಮೂಲ. ರಕ್ತಸಂಬಂಧ ಇರಬಹುದಾದವರ ಪಟ್ಟಿಯಲ್ಲಿ ಲಂಡನ್ನಿನ ಒಬ್ಬರ ಹೆಸರು ಎಲ್ಲರಿಗಿಂತ ಮೇಲಿತ್ತು. ನಾನು ಹಿಂದೆಮುಂದೆ ನೋಡದೆ ಗೋಡೆಯ ಹತ್ತಿರ ಓಡಿ ಹೋಗಿ ಹೇಳಿಬಿಟ್ಟೆ. ಆಂಟಿ ಹೊಸ ಕೆಬಾಯಾ ಕುಪ್ಪಸ ಹೊಲಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ವಿಡಿಯೋ ಕಾಲ್‌ಗೆ ಕುಳಿತರು. ಲಂಡನ್ನಿನವರು ಒಳ್ಳೆಯವರೇ. ಆದರೆ ಒಂದು ಗಂಟೆ ಮಾತಾಡಿದ ಮೇಲೆ, ಅವರ ಮನೆತನದಲ್ಲಿ ಯಾರೂ ಪೆನಾಂಗ್ ಕಡೆ ತಲೆ ಹಾಕಿಯೂ ಮಲಗಿದವರಲ್ಲ ಎಂದು ತಿಳಿಯಿತು. ಆ ಸಮುದಾಯ ಚಿಕ್ಕದು. ತಲೆತಲಾಂತರದಿಂದ ತಮ್ಮತಮ್ಮಲ್ಲೇ ಮದುವೆ. ಹಾಗಾಗಿ ದೂರದವರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

"ಪರವಾಗಿಲ್ಲ ಲಾ" ಎಂದರು ಆಂಟಿ. ಮೂರು ದಿನ ಬಾಗಿಲು ತೆರೆಯಲಿಲ್ಲ. ನಾನು ಇಟ್ಟುಬಂದ ಇಡ್ಲಿ ಡಬ್ಬಿ ಗೇಟಿನ ಮೇಲೆ ಹಾಗೇ ಉಳಿದಿತ್ತು. ಇನ್ನು ಮುಂದೆ ಪಕ್ಕಾ ಆಗದೆ ಅವರಿಗೆ ಏನನ್ನೂ ಹೇಳಬಾರದು ಎಂದು ಆಗ ನಿರ್ಧರಿಸಿದೆ.

ಫೆಬ್ರವರಿಯ ಆ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಇಮೇಲ್ ತೆರೆದಾಗ ಮೆಲ್ಬರ್ನ್‌ನ ದೀನಾ ಎಂಬ ಹುಡುಗಿಯ ಪತ್ರವಿತ್ತು. ಅವಳು ಕುತೂಹಲಕ್ಕೆಂದು ಪರೀಕ್ಷೆ ಮಾಡಿಸಿಕೊಂಡಿದ್ದಳು. ಆಂಟಿಯ ಡಿಎನ್‌ಎ ಅವಳದರ ಜೊತೆ ಬಹಳ ಹೊಂದುತ್ತಿತ್ತು. ಅವಳು ಬರೆದದ್ದರ ಸಾರಾಂಶ ಇಷ್ಟು: "ನನ್ನ ತಾತ ಎಜ್ರಾಗೆ ಎಂಬತ್ತೇಳು ವರ್ಷ. ಹುಟ್ಟಿದ್ದು ಪೆನಾಂಗಿನಲ್ಲಿ. ಅವರ ಅಪ್ಪನಿಗೆ ಗಡಿಯಾರದ ಅಂಗಡಿ ಇತ್ತು. ಬಾಂಬ್ ಬಿದ್ದ ದಿನ ಮನೆಯ ಕೂಸು ಆಯಾಳ ಜೊತೆ ಬೇರೆ ಬೀದಿಯಲ್ಲಿತ್ತು. ಆ ಬೀದಿಯಲ್ಲಿ ಯಾರೂ ಉಳಿದಿಲ್ಲ ಎಂದು ಸುದ್ದಿ ಬಂತು. ಮನೆಯವರು ಹಡಗು ಹತ್ತಿದರು. ನನ್ನ ತಂಗಿ ಸತ್ತದ್ದನ್ನು ನಾನು ನೋಡಿಲ್ಲ ಎಂದು ತಾತ ಇಂದಿಗೂ ಹೇಳುತ್ತಾರೆ. ನಾವು ನಿಮ್ಮ ಗ್ರೇಸ್ ಜೊತೆ ಮಾತಾಡಬಹುದೇ?"

ಕಾಫಿ ಲೋಟ ಬದಿಗಿಟ್ಟು ಪತ್ರವನ್ನು ಮತ್ತೊಮ್ಮೆ ಓದಿದೆ. ಇಷ್ಟು ದೊಡ್ಡ ಹೊಂದಿಕೆ ಬರೀ ಒಳಮದುವೆಗಳಿಂದ ಬರುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಅಣ್ಣನ ಮೊಮ್ಮಗಳೇ ಇರಬೇಕು ಎಂದು ಲೆಕ್ಕ ಹೇಳುತ್ತಿತ್ತು. ಆದರೂ ಗೇಟಿನ ಮೇಲೆ ಉಳಿದಿದ್ದ ಇಡ್ಲಿ ನೆನಪಾಯಿತು. ಕಾಗದದ ದಾಖಲೆಯೂ ಸಿಗಲಿ ಎಂದುಕೊಂಡೆ. ಪೆನಾಂಗಿನ ಚರ್ಚಿನಲ್ಲಿ ಆ ಅನಾಥಾಲಯದ ಮಕ್ಕಳಿಗೆ ಕೊಟ್ಟ ದೀಕ್ಷಾಸ್ನಾನದ ಹಳೆಯ ರಿಜಿಸ್ಟರ್ ಇದೆ ಎಂದು ಕೇಳಿದ್ದೆ. ದೀನಾಗೆ ಬರೆದೆ: "ದಯವಿಟ್ಟು ಸ್ವಲ್ಪ ಕಾಯಿರಿ. ದಾಖಲೆ ನೋಡಿ ಖಚಿತಪಡಿಸಿಕೊಂಡು ತಿಳಿಸುತ್ತೇನೆ."

ಸಾನ್ವಿಗೆ ಮಾತ್ರ ಹೇಳಿದ್ದೆ. ಅವಳು, "ಅಮ್ಮಾ, ಶೀ ಈಸ್ ಎಯ್ಟಿ ಒನ್. ಜಸ್ಟ್ ಟೆಲ್ ಹರ್ ಲಾ" ಎಂದಳು.

"ನಿಂಗೊತ್ತಾಗಲ್ಲ, ಸುಮ್ನಿರು. ಹೋದ್ಸಲ ಏನಾಯ್ತು ನೋಡ್ಲಿಲ್ವಾ?"

"ದಟ್ ವಾಸ್ ಡಿಫರೆಂಟ್. ದಿಸ್ ಈಸ್ ಹರ್ ಬ್ರದರ್."

"ಆಗಿರಬಹುದು. ಆಗಿರಬಹುದು ಅನ್ನೋದಕ್ಕೂ ಹೌದು ಅನ್ನೋದಕ್ಕೂ ವ್ಯತ್ಯಾಸ ಇದೆ" ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಎದ್ದು ಹೋದಳು.

ಚರ್ಚಿಗೆ ಬರೆದೆ. ಉತ್ತರ ಬರಲು ಎರಡು ವಾರ ಹಿಡಿಯಿತು. ಬಂದು ನೋಡಬಹುದು ಎಂದರು. ಅಷ್ಟರಲ್ಲಿ ಕಾಲೇಜಿನಲ್ಲಿ ಪರೀಕ್ಷೆ, ಆಮೇಲೆ ಮೌಲ್ಯಮಾಪನ. ಮುಂದಿನ ವಾರ ಹೋಗೋಣ ಎಂದುಕೊಂಡೆ, ಅದರ ಮುಂದಿನ ವಾರ ಎಂದುಕೊಂಡೆ. ನಡುವೆ ದೀನಾ ಮತ್ತೆ ಬರೆದಳು: "ತಾತ ದಿನಾ ಕೇಳುತ್ತಾರೆ. ಕನಿಷ್ಠ ಒಂದು ಫೋಟೋ ಕಳಿಸಬಹುದೇ?" ನಾನು ಅದಕ್ಕೂ ಒಪ್ಪಲಿಲ್ಲ. ಖಚಿತವಾಗುವ ಮೊದಲು ಫೋಟೋ ಕಳಿಸುವುದು ಸರಿಯಲ್ಲ ಎಂದು ಬಹಳ ನಯವಾಗಿ ಬರೆದೆ.

ಇನ್ನೊಂದು ವಿಷಯವನ್ನೂ ಇಲ್ಲಿ ಮುಚ್ಚಿಡಬಾರದು. ಆಂಟಿಗೆ ನೋವಾಗದಿರಲಿ ಎಂಬ ಕಾಳಜಿ ಇದ್ದದ್ದು ನಿಜ. ಅದರ ಜೊತೆಗೆ, ಎಲ್ಲ ದಾಖಲೆಗಳನ್ನೂ ಜೋಡಿಸಿ ಒಂದು ದಿನ ಅವರ ಮುಂದಿಟ್ಟು, "ಇಗೋ ಆಂಟಿ, ನಿಮ್ಮ ಮನೆ" ಎನ್ನುವ ಆಸೆಯೂ ನನಗಿತ್ತು. ಆ ವಾರಗಳಲ್ಲಿ ಅವರು ಗೋಡೆಯಾಚೆ ಹಸಿಮೆಣಸಿನ ಗಿಡಕ್ಕೆ ನೀರು ಹಾಕುವುದನ್ನು ನೋಡುವಾಗ, ಒಳಗೊಳಗೇ ಖುಷಿಪಡುತ್ತಿದ್ದೆ.

ಮಾರ್ಚ್ ಕೊನೆಗೆ ಶುಕ್ರವಾರ ರಜೆ ಹಾಕಿ, ಗುರುವಾರವೇ ಬಸ್ಸಿನಲ್ಲಿ ಪೆನಾಂಗಿಗೆ ಹೋದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಕಚೇರಿಯಲ್ಲಿದ್ದೆ. ಅಲ್ಲಿದ್ದ ವಯಸ್ಸಾದ ಚೀನೀ ಗುಮಾಸ್ತರು ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ರಿಜಿಸ್ಟರ್ ತಂದು, ತಾವೇ ಹಾಳೆ ತಿರುವಿದರು. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಗ್ರೇಸ್ ಎಂದು ಹೆಸರಿಟ್ಟ ಹೆಣ್ಣು ಕೂಸು. ಸುಮಾರು ಮೂರು ತಿಂಗಳು. ತಂದವಳು ಮುತ್ತಮ್ಮ, ಆಯಾ. ತಂದೆ ಯಹೂದಿ, ಗಡಿಯಾರದ ವ್ಯಾಪಾರಿ, ಊರು ಬಿಟ್ಟು ಹೋಗಿದ್ದಾರೆ.

"ಸಿಕ್ಕಿತಾ? ಒಳ್ಳೇದು ಲಾ" ಎಂದು ಗುಮಾಸ್ತರು ನಕ್ಕರು. ನಾನು ಹೊರಗೆ ಓಡಿ ಬಂದು ಮೆಟ್ಟಿಲ ಮೇಲೆ ನಿಂತು, ಮೊದಲ ಸಲ ದೀನಾಗೆ ಫೋನ್ ಮಾಡಿದೆ.

"ದೀನಾ, ಖಚಿತವಾಯ್ತು. ಗಡಿಯಾರದ ಅಂಗಡಿ, ಆಯಾ, ಎಲ್ಲಾ ಇದೆ. ನಿಮ್ಮ ತಾತನಿಗೆ ಕೊಡಿ, ನಾನೇ ಹೇಳ್ತೀನಿ."

ಅವಳ ಹಿಂದೆ ತುಂಬಾ ಜನರ ಸದ್ದು ಕೇಳುತ್ತಿತ್ತು.

"ತಾತ ಮಂಗಳವಾರ ಹೋಗಿಬಿಟ್ಟರು" ಎಂದಳು. "ನಾವು ಈಗ ಏಳು ದಿನದ ಸೂತಕದಲ್ಲಿ ಕೂತಿದ್ದೇವೆ."

ಏನು ಹೇಳಿದೆನೋ ನೆನಪಿಲ್ಲ. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನೀವು ಫೋಟೋ ಬೇಡ ಎಂದಾಗ ತಾತ ತಮ್ಮ ದನಿಯನ್ನು ರೆಕಾರ್ಡ್ ಮಾಡಿಸಿದ್ದರು. ಅವಳೇ ಹೌದು ಅಂತಾದ ಮೇಲೆ ಕೊಡು ಅಂದಿದ್ದರು. ಕಳಿಸ್ತೀನಿ" ಎಂದಳು.

ಮೆಲಾಕಾವರೆಗಿನ ಏಳು ತಾಸಿನ ಬಸ್ ಪ್ರಯಾಣ ಹೇಗೆ ಕಳೆಯಿತೋ. ಮನೆಗೆ ಹೋಗದೆ ನೇರವಾಗಿ ಆಂಟಿಯ ಗೇಟು ತೆರೆದೆ. ಅವರು ಟಿವಿ ನೋಡುತ್ತಿದ್ದರು. ನನ್ನ ಮುಖ ನೋಡಿ ಟಿವಿ ಆರಿಸಿದರು.

ಎಲ್ಲವನ್ನೂ ಹೇಳಿದೆ. ಅಣ್ಣ ಇದ್ದದ್ದು, ಕೇಳಿದ್ದು, ಕಾದದ್ದು, ಹೋದದ್ದು. ಆಂಟಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಆ ಪತ್ರ ಬಂದು ಎಷ್ಟು ದಿನ ಆಯ್ತು?"

"ನಲವತ್ತೊಂದು ದಿನ, ಆಂಟಿ."

"ನಲವತ್ತೊಂದು ದಿನ ನಾನು ಇಲ್ಲೇ ಪಕ್ಕದಲ್ಲೇ ಇದ್ದೆ, ವೀಣಾ."

"ನಿಮಗೆ ಮತ್ತೆ ನೋವಾಗಬಾರದು ಅಂತ..."

"ನೋವು ನನ್ನದಲ್ವಾ? ಅದು ಬೇಕೋ ಬೇಡವೋ ಅಂತ ನನ್ನನ್ನೇ ಕೇಳಬಹುದಿತ್ತು" ಎಂದರು. ದನಿ ಎತ್ತಲಿಲ್ಲ. ಎದ್ದು ಬಾಗಿಲು ತೆರೆದು, "ಈಗ ನೀನು ಮನೆಗೆ ಹೋಗು" ಎಂದರು.

ಮರುದಿನ ಬೆಳಿಗ್ಗೆ ಅವರೇ ಗೋಡೆಯ ಹತ್ತಿರ ಬಂದು ಕರೆದರು. ಕಣ್ಣು ಊದಿಕೊಂಡಿತ್ತು. "ಅವರಲ್ಲಿ ಅಣ್ಣ ತೀರಿಕೊಂಡರೆ ತಂಗಿ ಏನು ಮಾಡಬೇಕಂತೆ? ಆ ಹುಡುಗಿಯನ್ನ ಕೇಳು." ಕೇಳಿದೆ. ತಂಗಿಯೂ ತಗ್ಗಿನ ಆಸನದ ಮೇಲೆ ಕುಳಿತು ಸೂತಕ ಆಚರಿಸುತ್ತಾಳೆ ಎಂದಳು ದೀನಾ. ಸಾನ್ವಿ ನಮ್ಮ ಬಚ್ಚಲುಮನೆಯ ಗಿಡ್ಡ ಸ್ಟೂಲನ್ನು ತೊಳೆದು ಒರೆಸಿ ತಂದಿಟ್ಟಳು. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಆಂಟಿ, ಆ ಭಾನುವಾರ ಹೋಗಲಿಲ್ಲ. ಮಂಡಿನೋವಿನಲ್ಲೂ ಉಳಿದ ದಿನಗಳನ್ನು ಆ ಸ್ಟೂಲಿನ ಮೇಲೆ ಕಳೆದರು.

ರೆಕಾರ್ಡಿಂಗ್ ಕೇಳಿದ್ದು ಆ ಸ್ಟೂಲಿನ ಮೇಲೆ ಕುಳಿತೇ. ಫೋನನ್ನು ನಾನು ಹಿಡಿದಿದ್ದೆ. ಕೆಮ್ಮಿನ ನಡುವೆ ಒಬ್ಬ ಮುದುಕನ ದನಿ.

"ಸಿಂಹಾ... ಸಿಂಹಾ... ನಾನು ಎಜ್ರಾ. ನಿನ್ನ ಸೊಳ್ಳೆಪರದೆ ಎತ್ತಿ ನೋಡಿದ್ದಕ್ಕೆ ಅಮ್ಮ ನನ್ನ ಕಿವಿ ಹಿಂಡಿದ್ದಳು. ಆವತ್ತು ನನ್ನನ್ನ ಎತ್ತಿಕೊಂಡೇ ಹಡಗು ಹತ್ತಿಸಿದರು. ನಾನು ಕೂಗಿದೆ. ಯಾರೂ ಕೇಳಲಿಲ್ಲ. ನಿನ್ನ ಬಿಟ್ಟು ಬಂದ್ವಿ ಅಂತ ಕೋಪ ಮಾಡ್ಕೋಬೇಡ. ಸಿಂಹಾ, ಕೇಳಿಸ್ತಾ?"

ಸಿಂಹಾ ಎಂದರೆ ಅವರ ಭಾಷೆಯಲ್ಲಿ ಸಂತೋಷ ಎಂದು ದೀನಾ ಬರೆದಿದ್ದಳು. ಎಂಬತ್ತೊಂದನೆಯ ವಯಸ್ಸಿನಲ್ಲಿ ಆಂಟಿ ತಮ್ಮ ಹೆಸರನ್ನು ಮೊದಲ ಸಲ ಕೇಳುತ್ತಿದ್ದರು. ಅವರು ಫೋನಿನ ಕಡೆ ಬಾಗಿ, ಅಣ್ಣನನ್ನು ಮಲಯ್‌ನಲ್ಲಿ ಕರೆಯುವ ಹಾಗೆ, "ಕೇಳಿಸ್ತು ಅಬಾಂಗ್, ಕೇಳಿಸ್ತು" ಎಂದರು. ಆಮೇಲೂ ಬಾಗಿಕೊಂಡೇ ಇದ್ದರು. ಉತ್ತರ ಬರಬಹುದೇನೋ ಎಂಬಂತೆ. ಫೋನಿನ ಪರದೆ ಆರಿಹೋಯಿತು. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಆ ವರ್ಷದ ಕೊನೆಯಲ್ಲಿ ದೀನಾ ಮೆಲಾಕಾಗೆ ಬಂದಳು. ಹತ್ತು ದಿನ ಆಂಟಿಯ ಮನೆಯಲ್ಲೇ ಇದ್ದಳು. ಆಂಟಿಯ ಗದ್ದ ತಾತನ ಗದ್ದದ ಹಾಗೇ ಇದೆ ಎಂದು ಫೋಟೋ ಹಿಡಿದು ತೋರಿಸಿದಳು. ಈಗ ವಾರಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಆಂಟಿ ತಮ್ಮದೇ ಇಮೇಲ್ ಮಾಡಿಕೊಂಡಿದ್ದಾರೆ. ಅದನ್ನು ಮಾಡಿಕೊಟ್ಟದ್ದು ಸಾನ್ವಿ. ನನ್ನನ್ನು ಕೇಳಲಿಲ್ಲ.

ನಮ್ಮ ನಡುವೆ ಮಾತು ನಿಂತಿಲ್ಲ. ಸಾಂಬಾಲ್ ಈಗಲೂ ಬರುತ್ತದೆ, ಇಡ್ಲಿ ಈಗಲೂ ಹೋಗುತ್ತದೆ. ಕ್ಷಮಿಸಿದ್ದೇನೆ ಎಂದು ಆಂಟಿ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳಿದರೆ ಅವರು "ಪರವಾಗಿಲ್ಲ ಲಾ" ಎಂದುಬಿಡುತ್ತಾರೆ ಎಂದು ನನಗೆ ಗೊತ್ತು. ಆ ಮಾತನ್ನು ಅವರ ಬಾಯಿಂದ ಇನ್ನೊಮ್ಮೆ ಹೇಳಿಸಲು ಮನಸ್ಸಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಈಗಲೂ, ಸಾಕ್ಷಿ ಪೂರ್ತಿ ಸಿಗುವವರೆಗೆ ತೀರ್ಮಾನ ಹೇಳಬೇಡಿ ಎಂದೇ ಕಲಿಸುತ್ತೇನೆ. ಅದು ತಪ್ಪಲ್ಲ. ಆದರೆ ಪ್ರತಿ ಸಲ ಆ ಮಾತು ಹೇಳುವಾಗ ಆ ನಲವತ್ತೊಂದು ದಿನಗಳು ನೆನಪಾಗುತ್ತವೆ. ಆ ಅಣ್ಣತಂಗಿಯನ್ನು ಎಂಬತ್ತೊಂದು ವರ್ಷ ದೂರ ಇಟ್ಟದ್ದು ಯುದ್ಧ. ಕೊನೆಯ ಐದು ವಾರ ದೂರ ಇಟ್ಟದ್ದು ನಾನು.